ಪ್ರವಾಸೋದ್ಯಮದ ಕಾಣದ ಒಲೆ

ಕಾಗದವಿಲ್ಲ, ಸಾಲಿನಲ್ಲಿ ನಿಲ್ಲುವ ಕಷ್ಟವಿಲ್ಲ, ಆದುದರಿಂದ ಹೊಗೆಯೂ ಇಲ್ಲ ಎಂಬರ್ಥದ ಮಾತನ್ನು ಪ್ರವಾಸದ ವ್ಯಾಪಾರವನ್ನು ನಡೆಸತಕ್ಕವರು ಈಚಿನ ವರ್ಷಗಳಲ್ಲಿ ಮಂತ್ರದಂತೆ ಜಪಿಸುತ್ತಿರುವರು. ಟಿಕೆಟು ಕೈಫೋನಿನಲ್ಲಿ ಬರುವುದು. ಕೋಣೆಯ ಬೀಗವೂ ಕೈಫೋನಿಗೆ ತೆರೆಯುವುದು. ವಸತಿಗೃಹದ ಸ್ನಾನದ ಮನೆಯಲ್ಲಿ, ವಸ್ತ್ರವನ್ನು ಎರಡನೆಯ ದಿನವೂ ಬಳಸಿ ಭೂಮಿಯನ್ನು ಉಳಿಸಿರೆಂಬ ವಿನಂತಿಯ ಚೀಟಿಯೊಂದು ತೂಗುವುದು. ಇವೆಲ್ಲಕ್ಕೂ 'ಹಸಿರು' ಎಂಬ ವಿಶೇಷಣವನ್ನು ಅಂಟಿಸಿ ಮಾರುವುದು ವಾಡಿಕೆಯಾಗಿದೆ. ಅತಿಥಿಯ ಒಂದು ವಸ್ತ್ರದ ನೀರನ್ನು ಲೆಕ್ಕ ಹಾಕುವ ಈ ಉದ್ಯಮವು ತನ್ನ ಗಣಕಯಂತ್ರಗಳು ಉಣ್ಣುವ ವಿದ್ಯುತ್ತಿನ ಲೆಕ್ಕವನ್ನು ಮಾತ್ರ ಏಕೆ ಬಾಯಿಬಿಟ್ಟು ಹೇಳುವುದಿಲ್ಲವೆಂಬುದೇ ವಿಚಾರಾರ್ಹವಾದ ಪ್ರಶ್ನೆಯು. ಕಾಗದವಿಲ್ಲದ ಪ್ರವಾಸವು ಇಂಧನವಿಲ್ಲದ ಪ್ರವಾಸವಲ್ಲ. ಒಲೆಯು ಆರಿಲ್ಲ, ಅತಿಥಿಯ ಕಣ್ಣಿಗೆ ಬೀಳದಂತೆ ಅದನ್ನು ಹಿತ್ತಲಿಗೆ ಸಾಗಿಸಿರುವರು, ಅಷ್ಟೆ.

ಆ ಹಿತ್ತಲು ಎಲ್ಲಿರುವುದೆಂಬುದನ್ನು ಮೊದಲು ನೋಡತಕ್ಕದ್ದು. ಒಬ್ಬ ಗೃಹಸ್ಥನು ಮನೆಯ ಜಗಲಿಯಲ್ಲಿ ಕುಳಿತು, ಬೇಸಿಗೆಯ ರಜೆಗೆಂದು ಮಡಿಕೇರಿಯಲ್ಲೊಂದು ಕೋಣೆಯನ್ನು ಕೈಫೋನಿನಲ್ಲಿ ಹುಡುಕುವನೆಂದು ಭಾವಿಸಬಹುದು. ಅವನ ಬೆರಳಿನ ಒಂದು ಸ್ಪರ್ಶವು ಮೊದಲು ಊರಿನ ಗೋಪುರಕ್ಕೆ, ಅಲ್ಲಿಂದ ಗಾಜಿನ ಎಳೆಗಳ ಮೂಲಕ ದೂರದ ಡೇಟಾ ಸೆಂಟರ್ ಎಂಬ ಯಂತ್ರಾಗಾರಕ್ಕೆ ಹೋಗುವುದು. ಅಲ್ಲಿಯ ಯಂತ್ರವು ಬೇರೆ ಹತ್ತಾರು ಯಂತ್ರಗಳನ್ನು ಕೇಳುವುದು: ಯಾವ ಕೋಣೆ ಖಾಲಿ, ಬೆಲೆಯೆಷ್ಟು, ಈ ಗಿರಾಕಿಗೆ ಯಾವ ಚಿತ್ರವನ್ನು ಮೊದಲು ತೋರಿಸಬೇಕು, ಯಾವ ಜಾಹೀರಾತನ್ನು ಪಕ್ಕದಲ್ಲಿಡಬೇಕು. ಕ್ಷಣಾರ್ಧದಲ್ಲಿ ಉತ್ತರವು ಬರುವುದು. ಆ ಕ್ಷಣಾರ್ಧಕ್ಕಾಗಿ ಸಾವಿರಾರು ಯಂತ್ರಗಳು ಹಗಲಿರುಳೂ ಎಚ್ಚರವಾಗಿರಬೇಕು. ಎಚ್ಚರವಾಗಿರುವ ಯಂತ್ರವು ಕಾಯುವುದು. ಕಾದ ಯಂತ್ರವನ್ನು ತಣಿಸಲು ಮತ್ತೆ ವಿದ್ಯುತ್ತು ಬೇಕು, ಅನೇಕ ಕಡೆ ನೀರೂ ಬೇಕು. ವಿದ್ಯುತ್ತು ತಪ್ಪಿದರೆಂದು ಹಿಂದುಗಡೆ ಡೀಸೆಲ್ ಯಂತ್ರಗಳು ಸಿದ್ಧವಾಗಿರಬೇಕು. ಈ ವ್ಯವಸ್ಥೆಗೆ ವ್ಯಾಪಾರಿಗಳು 'ಮೇಘ' ಎಂದು ಹೆಸರಿಟ್ಟಿರುವರು. ಹೆಸರು ಕಾವ್ಯಮಯವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಮೇಘವು ನೀರನ್ನು ಸುರಿಸತಕ್ಕುದಲ್ಲ, ಕುಡಿಯತಕ್ಕುದು.

ಇಂಥ ಯಂತ್ರಾಗಾರಗಳು ೨೦೨೪ರಲ್ಲಿ ಜಗತ್ತಿನಾದ್ಯಂತ ಸುಮಾರು ೪೧,೫೦೦ ಕೋಟಿ ಯೂನಿಟು ವಿದ್ಯುತ್ತನ್ನು ಬಳಸಿದುವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ೨೦೨೫ರ ತನ್ನ ವರದಿಯಲ್ಲಿ ಅಂದಾಜು ಮಾಡಿತು. ಇದು ಜಗತ್ತಿನ ಒಟ್ಟು ವಿದ್ಯುದ್ವ್ಯಯದಲ್ಲಿ ಸುಮಾರು ನೂರಕ್ಕೆ ಒಂದೂವರೆಯ ಪಾಲು. ೨೦೩೦ರ ವೇಳೆಗೆ ಇದು ಸುಮಾರು ೯೪,೫೦೦ ಕೋಟಿ ಯೂನಿಟುಗಳಿಗೆ, ಎಂದರೆ ಇಮ್ಮಡಿಗಿಂತಲೂ ಹೆಚ್ಚಿಗೆ, ಏರಬಹುದೆಂದು ಅದೇ ವರದಿಯು ಹೇಳುವುದು. ಐರ್ಲೆಂಡಿನ ಉದಾಹರಣೆಯು ಇನ್ನೂ ಸ್ಪಷ್ಟವಾಗಿದೆ. ಆ ಸಣ್ಣ ದೇಶದಲ್ಲಿ, ಅಲ್ಲಿಯ ಸರಕಾರದ ಅಂಕಿಅಂಶ ಕಚೇರಿಯ ಲೆಕ್ಕದಂತೆ, ಯಂತ್ರಾಗಾರಗಳ ಪಾಲು ೨೦೧೫ರಲ್ಲಿ ನೂರಕ್ಕೆ ೫ ಇದ್ದುದು ೨೦೨೩ರಲ್ಲಿ ನೂರಕ್ಕೆ ೨೧ ಆಯಿತು. ಅದೇ ವರ್ಷ ಆ ದೇಶದ ಪಟ್ಟಣಗಳ ಮನೆಗಳೆಲ್ಲ ಸೇರಿ ಬಳಸಿದುದು ನೂರಕ್ಕೆ ೧೮ ಮಾತ್ರ. ಪಟ್ಟಣಗಳ ಮನೆಗಳ ದೀಪ, ಅಡಿಗೆ, ಬಿಸಿಗಳಿಗಿಂತ ಯಂತ್ರಗಳ ಎಚ್ಚರಕ್ಕೆ ಹೆಚ್ಚು ವಿದ್ಯುತ್ತು ಸಂದಿತೆಂಬ ಮಾತನ್ನು ವಾಚಕರು ಒಂದು ಕ್ಷಣ ನಿಂತು ಯೋಚಿಸತಕ್ಕದ್ದು. ಇದರಲ್ಲಿ ಪ್ರವಾಸೋದ್ಯಮದ ಪಾಲು ಎಷ್ಟೆಂಬುದು ಬೇರೆ ಖಾತೆಯಾಗಿ ಎಲ್ಲಿಯೂ ಸುಲಭವಾಗಿ ಕಾಣಸಿಗದು. ಈ ಆಕ್ಷೇಪಣೆಯ ಮೂಲವೇ ಅದು.

ಗಣಕಯಂತ್ರವು ಪ್ರವಾಸಿಗೆ ಉಪಕಾರ ಮಾಡಿಲ್ಲವೆಂದು ಯಾರೂ ಹೇಳಲಾರರು. ಅಮೆರಿಕದ ವಿಮಾನಸಂಸ್ಥೆಯೊಂದು ಐಬಿಎಂ ಕಂಪನಿಯೊಡನೆ ಕೂಡಿ ೧೯೬೦ರ ದಶಕದ ಮೊದಲಲ್ಲಿ 'ಸೇಬರ್' ಎಂಬ ಕಾದಿರಿಸುವಿಕೆಯ ವ್ಯವಸ್ಥೆಯನ್ನು ಕಟ್ಟಿತು. ಅದಕ್ಕೆ ಮುಂಚೆ ಕಾರ್ಡುಗಳನ್ನು ತಿರುವಿ ಒಂದು ಆಸನವನ್ನು ಗೊತ್ತು ಮಾಡುವುದಕ್ಕೆ ಸರಾಸರಿ ಒಂದೂವರೆ ಗಂಟೆ ಹಿಡಿಯುತ್ತಿದ್ದಿತು; ಆಮೇಲೆ ಅದೇ ಕೆಲಸವು ಕೆಲವೇ ಸೆಕೆಂಡುಗಳಲ್ಲಿ ಮುಗಿಯಿತು. ಭಾರತದ ರೈಲ್ವೆಯಲ್ಲಿಯೂ ೧೯೮೦ರ ದಶಕದಲ್ಲಿ ಗಣಕೀಕೃತ ಕಾದಿರಿಸುವಿಕೆಯು ಬಂದು, ೨೦೦೨ರಲ್ಲಿ ಐಆರ್‌ಸಿಟಿಸಿಯ ಮೂಲಕ ಮನೆಯಿಂದಲೇ ಟಿಕೆಟು ಕೊಳ್ಳುವ ಅನುಕೂಲವಾಯಿತು. ನಸುಕಿನಲ್ಲೆದ್ದು ನಿಲ್ದಾಣದ ಸಾಲಿನಲ್ಲಿ ನಿಂತು, ಸರದಿ ಬರುವಷ್ಟರಲ್ಲಿ ಕಿಂಡಿಯು ಮುಚ್ಚಿದುದನ್ನು ಕಂಡು ಹಿಂದಿರುಗಿದವರು ಈ ಅನುಕೂಲವನ್ನು ನಿಂದಿಸಲಾರರು. ಅವಶ್ಯಕವಾದ ಕೆಲಸಕ್ಕೆ ಇಂಧನವು ಖರ್ಚಾದರೆ ಅದು ವ್ಯಯವೇ ಹೊರತು ಅಪವ್ಯಯವಲ್ಲ. ಜಗಳವಿರುವುದು ಅಪವ್ಯಯದೊಡನೆ.

ಆ ಅಪವ್ಯಯದ ಮೊದಲನೆಯ ರೂಪವು ನೋಡುವಿಕೆಗೂ ಕೊಳ್ಳುವಿಕೆಗೂ ಇರುವ ಅಂತರದಲ್ಲಿದೆ. ಏಜೆಂಟನು ಮೇಜಿನ ಮುಂದೆ ಕುಳಿತು ಟಿಕೆಟು ಮಾಡಿಕೊಡುತ್ತಿದ್ದ ಕಾಲದಲ್ಲಿ ಒಂದು ಟಿಕೆಟಿಗೆ ಹತ್ತು ಸಲ ಯಂತ್ರವನ್ನು ಕೇಳಿದರೆ ಸಾಕಾಗುತ್ತಿದ್ದಿತೆಂದೂ, ಈಗ ಅದು ಸಾವಿರವನ್ನು ದಾಟುವುದುಂಟೆಂದೂ ಆ ಉದ್ಯಮದವರೇ ಒಪ್ಪುವರು. ಸಾವಿರ ಸಲ ಕೇಳುವವನು ಪ್ರವಾಸಿಯಲ್ಲ. ಬೆಲೆಗಳನ್ನು ಹೋಲಿಸಿ ತೋರಿಸುವ ಅಂಗಡಿಗಳು, ಪ್ರತಿಸ್ಪರ್ಧಿಯ ಬೆಲೆಯನ್ನು ಕದ್ದು ನೋಡುವ ಯಂತ್ರಗಳು, ಗಂಟೆಗೊಂದು ಬೆಲೆಯನ್ನು ಕಟ್ಟುವ ಸೂತ್ರಗಳು, ಇವೇ ಒಂದನ್ನೊಂದು ಕೇಳುತ್ತಿರುವುವು. ಬೆಲೆಯು ಕ್ಷಣಕ್ಷಣಕ್ಕೂ ಬದಲಾಗುವುದೆಂಬ ಭಯದಿಂದ ಪ್ರವಾಸಿಯೂ ಮತ್ತೆ ಮತ್ತೆ ಕೇಳುವನು. ಅವನು ಕೇಳಿದಷ್ಟೂ ಬೆಲೆಯು ಮತ್ತೆ ಅಲುಗುವುದು. ಒಂದು ಸಾಮಾನ್ಯ ಹುಡುಕಾಟಕ್ಕೆ ೦.೩ ವಾಟ್-ಗಂಟೆಯ ವಿದ್ಯುತ್ತು ಬೇಕಾಗುವುದೆಂದು ಗೂಗಲ್ ಕಂಪನಿಯು ೨೦೦೯ರಲ್ಲಿ ತಿಳಿಸಿದ್ದಿತು. ಟಿಕೆಟಿನ ಹುಡುಕಾಟವೂ ಅದೂ ಒಂದೇ ಅಲ್ಲವಾದರೂ, ಅಳತೆಗೋಲಿಗಾಗಿ ಅದನ್ನೇ ಹಿಡಿದರೆ, ಸಾವಿರ ಹುಡುಕಾಟಕ್ಕೆ ೩೦೦ ವಾಟ್-ಗಂಟೆಯಾಗುವುದು: ಹತ್ತು ವಾಟಿನ ದೀಪವೊಂದು ಮೂವತ್ತು ಗಂಟೆ ಉರಿಯುವಷ್ಟು. ಒಬ್ಬ ಹುಡುಗನ ಒಂದು ವಾರದ ರಾತ್ರಿಯ ಓದಿಗೆ ಸಾಕಾಗುವ ಬೆಳಕು ಒಂದು ಟಿಕೆಟಿನ ಸುತ್ತ ನಡೆಯುವ ಯಂತ್ರಗಳ ಹರಟೆಗೆ ಹೋಯಿತು. ಹನಿಗೂಡಿದರೆ ಹಳ್ಳವೆಂಬುದು ಸಂಪಾದನೆಗೆ ಎಷ್ಟು ನಿಜವೋ ಸೋರಿಕೆಗೂ ಅಷ್ಟೇ ನಿಜವು.

ಎರಡನೆಯ ರೂಪವು ಇದಕ್ಕಿಂತಲೂ ಹೇಯವಾದುದು. ರೈಲ್ವೆಯ ತತ್ಕಾಲ್ ಟಿಕೆಟಿನ ಕಿಂಡಿಯು ತೆರೆಯುವ ಮೊದಲ ಐದು ನಿಮಿಷಗಳಲ್ಲಿ ಒಳನುಗ್ಗಲು ಯತ್ನಿಸುವವರಲ್ಲಿ ಅರ್ಧದಷ್ಟು ಮನುಷ್ಯರೇ ಅಲ್ಲ, ದಲ್ಲಾಳಿಗಳು ಹೂಡಿದ 'ಬಾಟ್' ಎಂಬ ಯಂತ್ರಚಾಲಿತ ಸೂತ್ರಗಳು, ಎಂಬುದು ೨೦೨೫ರ ಜೂನ್ ತಿಂಗಳಲ್ಲಿ ರೈಲ್ವೆ ಸಚಿವಾಲಯವೇ ಹೊರಗೆಡಹಿದ ಸಂಗತಿ. ಸಂದೇಹಾಸ್ಪದವಾದ ಎರಡೂವರೆ ಕೋಟಿ ಖಾತೆಗಳನ್ನು ಆಗ ರದ್ದುಗೊಳಿಸಿದರು. ಕಳ್ಳ ಸೂತ್ರಗಳನ್ನು ತಡೆಯುವ ಹೊಸ ಏರ್ಪಾಡಿನ ತರುವಾಯ, ಅದೇ ವರ್ಷದ ಮೇ ೨೨ರಂದು, ಒಂದೇ ನಿಮಿಷದಲ್ಲಿ ೩೧,೮೧೪ ಟಿಕೆಟುಗಳು ಮಾರಾಟವಾದುವು. ಎಂದ ಮೇಲೆ, ಅದಕ್ಕೆ ಮುಂಚೆ ಆ ನಿಮಿಷಗಳಲ್ಲಿ ಆ ಯಂತ್ರಾಗಾರವು ದುಡಿದುದರಲ್ಲಿ ದೊಡ್ಡದೊಂದು ಪಾಲು ಯಾರಿಗಾಗಿ? ಊರಿಗೆ ಹೋಗಬೇಕಾದ ಕೂಲಿಗಾರನಿಗಾಗಿಯೂ ಅಲ್ಲ, ಹಂಪಿಯನ್ನು ನೋಡಹೊರಟ ಶಿಕ್ಷಕನಿಗಾಗಿಯೂ ಅಲ್ಲ. ಅವರ ಟಿಕೆಟನ್ನು ಕಸಿದುಕೊಳ್ಳಹೊರಟ ಸೂತ್ರಗಳನ್ನು ತಾಳಿಕೊಳ್ಳುವುದಕ್ಕಾಗಿ! ಸಾರ್ವಜನಿಕರ ಹಣದಿಂದ ಬಂದ ವಿದ್ಯುತ್ತು ಸಾರ್ವಜನಿಕರ ಟಿಕೆಟನ್ನು ಕದಿಯುವವನ ಸೇವೆಗೆ ನಿಂತಿತು. ಇಲ್ಲಿ ನ್ಯಾಯದ ಪ್ರಶ್ನೆಯೂ ಇಂಧನದ ಪ್ರಶ್ನೆಯೂ ಒಂದೇ ಆಗಿರುವುದು.

ಮೂರನೆಯದು ವಸತಿಗೃಹಗಳೊಳಗೇ ಕಾಣತಕ್ಕದ್ದು. ಖಾಲಿ ಕೋಣೆಯಲ್ಲಿ ದೂರದರ್ಶನದ ಪೆಟ್ಟಿಗೆ ಅರೆನಿದ್ರೆಯಲ್ಲಿರುವುದು. ಅದರ ಪಕ್ಕದ ಡಬ್ಬಿಯೊಂದು ಸದಾ ಎಚ್ಚರವಾಗಿರುವುದು. ಬಾಗಿಲಿನ ಬೀಗ, ಗೋಡೆಯ ಫಲಕ, ಓಣಿಯ ವೈಫೈ ಯಂತ್ರ ಇವೆಲ್ಲವೂ ಅತಿಥಿಯಿಲ್ಲದಾಗಲೂ ದುಡಿಯುವುವು. ಒಂದು ಕೋಣೆಗೆ ಇವೆಲ್ಲ ಸೇರಿ ಹತ್ತೇ ವಾಟು ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು ೮೮ ಯೂನಿಟಾಗುವುದು. ನೂರು ಕೋಣೆಗಳ ಗೃಹಕ್ಕೆ ೮,೭೬೦ ಯೂನಿಟು. ಇದು ದೀಪಕ್ಕೂ ಅಲ್ಲ, ಬಿಸಿನೀರಿಗೂ ಅಲ್ಲ; ಬರಿದೆ ಕಾಯ್ದುಕೊಂಡಿರುವುದಕ್ಕೆ. ಕಾಯ್ದುಕೊಂಡಿರುವ ಉಪಕರಣವು ಒಂದು ವಾಟಿಗಿಂತ ಹೆಚ್ಚು ಉಣ್ಣಬಾರದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ೧೯೯೯ರಷ್ಟು ಹಿಂದೆಯೇ ಸೂಚಿಸಿತ್ತು. ಸ್ನಾನದ ವಸ್ತ್ರದ ಮೇಲೆ ಉಪದೇಶವನ್ನು ಬರೆಯುವವರು ಪೆಟ್ಟಿಗೆಯ ಹಿಂದಿನ ತಂತಿಯನ್ನೂ ಒಮ್ಮೆ ನೋಡಬಾರದೆ?

ಇಷ್ಟು ಸೋರಿಕೆಯು ವ್ಯಾಪಾರಿಗಳ ಗಮನಕ್ಕೆ ಬಾರದಿರುವುದೇತಕ್ಕೆ? ವ್ಯಾಪಾರಿಯು ದಡ್ಡನಲ್ಲ; ತನ್ನ ಬಿಲ್ಲಿನಲ್ಲಿ ಕಂಡ ಖರ್ಚನ್ನು ಅವನು ಮೊದಲು ಕಡಿಯುವನು. ಕಾರಣವೇನೆಂದರೆ, ಈ ವಿದ್ಯುತ್ತು ಅವನ ಬಿಲ್ಲಿನಲ್ಲಿ ಯೂನಿಟಾಗಿ ಕಾಣಿಸುವುದೇ ಇಲ್ಲ. ೨೦೦೮ರಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಎಂಬ ಸಂಸ್ಥೆಯ ನಿದರ್ಶನವನ್ನೇ ತೆಗೆದುಕೊಳ್ಳಬಹುದು. ಇತರರ ಮನೆಗಳ ಹಾಸಿಗೆಗಳನ್ನು ಬಾಡಿಗೆಗೆ ಹಚ್ಚುವುದು ಅದರ ಕಸುಬು. ತನ್ನ ಗಣಕಯಂತ್ರಗಳನ್ನೂ ಅದು ಅಮೆಜಾನ್ ಕಂಪನಿಯಿಂದ ಬಾಡಿಗೆಗೆ ಪಡೆಯುವುದು. ಆ ಸೇವೆಗಾಗಿ ೨೦೨೭ರ ವರೆಗೆ ಕನಿಷ್ಠ ೧೨೦ ಕೋಟಿ ಡಾಲರುಗಳನ್ನು ವ್ಯಯಿಸಲು ಬದ್ಧವಾಗಿರುವುದಾಗಿ ಅದು ೨೦೨೦ರಲ್ಲಿ ಷೇರು ಮಾರುವ ಮುನ್ನ ತಾನೇ ಘೋಷಿಸಿತು. ಇದರಲ್ಲಿ ಗುಟ್ಟೂ ಇಲ್ಲ, ಕಾನೂನಿನ ಭಂಗವೂ ಇಲ್ಲ. ಆದರೆ ಇಂಗಾಲದ ಲೆಕ್ಕವನ್ನು ಬರೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೂರು ಖಾತೆಗಳಿರುವುವು: ತಾನು ಸುಟ್ಟ ಇಂಧನವು ಮೊದಲನೆಯದು, ತಾನು ಕೊಂಡ ವಿದ್ಯುತ್ತು ಎರಡನೆಯದು, ಇತರರು ತನಗಾಗಿ ಮಾಡಿದುದು ಮೂರನೆಯದು. ಬಾಡಿಗೆಯ ಯಂತ್ರದ ವಿದ್ಯುತ್ತು ಸಾಮಾನ್ಯವಾಗಿ ಈ ಮೂರನೆಯ ಖಾತೆಗೆ ಜಾರುವುದು. ಅಲ್ಲಿ ಬಹಳಮಟ್ಟಿಗೆ ಅಂದಾಜಿನದೇ ಆಳ್ವಿಕೆ. ಭಾರತದಲ್ಲಿ ಸೆಬಿಯು ೨೦೨೨-೨೩ರಿಂದ ದೊಡ್ಡ ಒಂದು ಸಾವಿರ ಕಂಪನಿಗಳಿಗೆ ಇಂಧನದ ವರದಿಯನ್ನು ಕಡ್ಡಾಯ ಮಾಡಿದಾಗಲೂ ಮೂರನೆಯ ಖಾತೆಯನ್ನು ಇಚ್ಛೆಯಿದ್ದವರು ಬರೆಯತಕ್ಕ ಭಾಗದಲ್ಲಿಯೇ ಇಟ್ಟಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ದೊರೆಯಲಾರದು.

ಇಲ್ಲಿ ಪೂರ್ವಪಕ್ಷದವರು ಎರಡು ಆಕ್ಷೇಪಗಳನ್ನು ಎತ್ತುವರು. ಅವು ಕ್ಷುಲ್ಲಕವಾದುವಲ್ಲ, ಆದಕಾರಣ ಉತ್ತರವು ಸಲ್ಲಬೇಕು.

ಮೊದಲನೆಯದು: ಪ್ರವಾಸದ ಹೊಗೆಯಲ್ಲಿ ಹೆಚ್ಚಿನ ಪಾಲು ವಿಮಾನದ್ದು, ವಾಹನದ್ದು, ಗಣಕಯಂತ್ರದ ಪಾಲು ಅದರ ಮುಂದೆ ಅಲ್ಪವು. ಈ ಮಾತು ನಿಜ, ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಒಬ್ಬ ಪ್ರಯಾಣಿಕನ ಪಾಲಿಗೆ ವಿಮಾನವು ಸುಡುವ ಒಂದು ಲೀಟರು ಎಣ್ಣೆಯಲ್ಲಿಯೇ ಒಂಬತ್ತಕ್ಕೂ ಹೆಚ್ಚು ಯೂನಿಟಿನಷ್ಟು ಶಕ್ತಿಯಿರುವುದು. ಅದರ ಮುಂದೆ ಸಾವಿರ ಹುಡುಕಾಟಗಳೂ ಅಲ್ಪವೇ. ಆದರೆ ಅಲ್ಪವೆಂಬುದು ಎಣಿಸದಿರುವುದಕ್ಕೆ ಕಾರಣವಾಗಲಾರದು. ವಸ್ತ್ರದ ನೀರು ಇನ್ನೂ ಅಲ್ಪವಾಗಿದ್ದರೂ ಅದನ್ನು ಎಣಿಸುವರಷ್ಟೆ! ಅಲ್ಲದೆ, ಯಂತ್ರದ ಕೆಲಸವು ಯಂತ್ರಾಗಾರದಲ್ಲಿಯೇ ಮುಗಿಯುವುದಿಲ್ಲ. ಇಂದು ರಾತ್ರಿ ಬೆಲೆ ಇಳಿದಿದೆಯೆಂದು ಕಿವಿಯಲ್ಲಿ ಉಸುರಿ, ಹೋಗಬೇಕೆಂದು ಎಣಿಸದವನನ್ನೂ ವಿಮಾನವೇರಿಸುವುದೇ ಅದರ ಹಿರಿಯ ಉದ್ಯೋಗ. ಪ್ರವಾಸೋದ್ಯಮದ ಹಸಿರುಮನೆ ಅನಿಲಗಳು ೨೦೦೯ರಿಂದ ೨೦೧೯ರ ವರೆಗೆ ವರ್ಷಕ್ಕೆ ನೂರಕ್ಕೆ ೩.೫ರಂತೆ ಬೆಳೆದು, ೨೦೧೯ರಲ್ಲಿ ಜಗತ್ತಿನ ಒಟ್ಟಿನಲ್ಲಿ ನೂರಕ್ಕೆ ೮.೮ನ್ನು ಮುಟ್ಟಿದುವೆಂದು ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇವೇ ಹತ್ತು ವರ್ಷಗಳಲ್ಲಿ ಟಿಕೆಟು ಕಾಗದವನ್ನು ಬಿಟ್ಟು ಕೈಫೋನಿಗೆ ಏರಿದುದು. ಕಾಗದವು ಹೋಯಿತು, ಹೊಗೆಯು ಬೆಳೆಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಬೆಯಂತ್ರವು ಮಿತವಾಗಿ ಕಲ್ಲಿದ್ದಲನ್ನು ಉಂಡಷ್ಟೂ ಅಂಥ ಯಂತ್ರಗಳು ಹೆಚ್ಚಿ, ದೇಶದ ಒಟ್ಟು ಕಲ್ಲಿದ್ದಲಿನ ಖರ್ಚು ಏರುವುದೆಂದು ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ೧೮೬೫ರಲ್ಲಿಯೇ ತೋರಿಸಿಕೊಟ್ಟಿದ್ದನು. ದಕ್ಷತೆಯು ಬೇರೆ, ಮಿತಿಯು ಬೇರೆ.

ಎರಡನೆಯದು: ದೊಡ್ಡ ಯಂತ್ರಾಗಾರಗಳ ಒಡೆಯರು ಸೂರ್ಯನ, ಗಾಳಿಯ, ನೀರಿನ ವಿದ್ಯುತ್ತನ್ನೇ ಕೊಳ್ಳುತ್ತಿರುವರಾದುದರಿಂದ ದೋಷವಿಲ್ಲ. ಈ ವಾದದಲ್ಲಿ ಎರಡು ಬಿರುಕುಗಳಿವೆ. ವರ್ಷದ ಕೊನೆಗೆ ಕೊಂಡುದೂ ಬಳಸಿದುದೂ ಸಮವಾಯಿತೆಂದರೆ, ಅಮಾವಾಸ್ಯೆಯ ನಡುರಾತ್ರಿಯಲ್ಲಿ ಯಂತ್ರವು ಸೂರ್ಯನನ್ನೇ ಉಂಡಿತೆಂದು ಅರ್ಥವಲ್ಲ. ಆ ಹೊತ್ತಿಗೆ ಕಲ್ಲಿದ್ದಲೇ ಉರಿದಿರಬಹುದು. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ನೀರಿನ ವಿದ್ಯುತ್ತು ಬಾನಿನಿಂದ ಉದುರಿ ಬರುವುದಿಲ್ಲ. ಅದಕ್ಕೂ ಒಂದು ಕಣಿವೆಯು ಬೆಲೆ ತೆರಬೇಕಾಗುವುದು. ಇದನ್ನು ಅರಿಯಲು ಕನ್ನಡಿಗರು ಐರ್ಲೆಂಡಿಗೆ ಹೋಗಬೇಕಾದುದಿಲ್ಲ. ಜೋಗಕ್ಕೆ ಹೋದರೆ ಸಾಕು.

ಶರಾವತಿಯು ೮೩೦ ಅಡಿ ಧುಮುಕುವ ಜೋಗವು ಪ್ರವಾಸಿಯ ಪಾಲಿಗೆ ಒಂದು ನೋಟ, ನಾಡಿನ ಪಾಲಿಗೆ ಒಂದು ಒಲೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು ನಿಂತಿತು. ೧,೦೩೫ ಮೆಗಾವಾಟಿನ ಶರಾವತಿ ವಿದ್ಯುದಾಗಾರವು ಅದರ ನೀರಿನಿಂದ ನಡೆಯುವುದು. ಆ ಹಿನ್ನೀರಿನ ಕೆಳಗೆ ಊರುಗಳು, ಗದ್ದೆಗಳು, ತೋಟಗಳು, ದೇವಸ್ಥಾನಗಳು ಮುಳುಗಿದುವು. ಎದ್ದುಹೋದವರ ಭೂಮಿಯ ಹಕ್ಕಿನ ತಕರಾರುಗಳು ಆರು ದಶಕಗಳಾದರೂ ಬಗೆಹರಿದು ಮುಗಿದಿಲ್ಲ. ಮಳೆಗಾಲ ಕಳೆದ ಮೇಲೆ ಬಂದ ಪ್ರವಾಸಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳ ಬದಲಿಗೆ ಬಂಡೆಯ ಮೇಲೆ ನಾಲ್ಕು ಎಳೆಗಳನ್ನು ಕಂಡು ನಿಟ್ಟುಸಿರುಬಿಡುವನು. ನೀರೆಲ್ಲಿ ಎಂದು ಅವನು ಕೇಳುವನು. ನೀರು ಅಣೆಕಟ್ಟಿನ ಹಿಂದಿದೆ, ತಂತಿಯೊಳಗಿದೆ. ಅವನು ಆ ಎಳೆಗಳ ನೂರು ಚಿತ್ರಗಳನ್ನು ತೆಗೆಯುವನು. ಒಂದೊಂದೂ ತಾನಾಗಿಯೇ 'ಮೇಘ'ಕ್ಕೇರಿ, ಕಳೆದುಹೋಗದಿರಲೆಂದು ಒಂದಕ್ಕಿಂತ ಹೆಚ್ಚು ಪ್ರತಿಗಳಾಗಿ ನಿಲ್ಲುವುದು. ಅವುಗಳಲ್ಲಿ ತೊಂಬತ್ತನ್ನು ಅವನು ಮತ್ತೆ ತೆರೆದು ನೋಡಲಾರನು. ಜಾಲದಲ್ಲಿ ಬೆರೆತ ವಿದ್ಯುತ್ತಿಗೆ ಊರಿನ ಹೆಸರಿಲ್ಲ. ಈ ಚಿತ್ರವನ್ನು ಕಾಯುವ ವಿದ್ಯುತ್ತು ಈ ನದಿಯದೇ ಎಂದು ಯಾರೂ ಹೇಳಲಾರರು. ಆದರೆ ಯಾವುದೋ ನದಿಯದು, ಯಾವುದೋ ಗಣಿಯದು ಎಂಬುದಂತೂ ದಿಟವು.

ಒಲೆಯ ಹಸಿವು ಇಲ್ಲಿಗೆ ತೀರಿಲ್ಲ. ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಭೂಮಿಯಲ್ಲಿ, ೨,೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯೊಂದನ್ನು ರಾಜ್ಯದ ವಿದ್ಯುತ್ ನಿಗಮವು ಮುಂದಿಟ್ಟು, ಅದರ ಮೇಲೆ ದೊಡ್ಡ ವಿವಾದವೇ ಎದ್ದಿತು. ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವ ಉಪಾಯವಿದು. ಎತ್ತುವುದಕ್ಕೆ ಹಿಡಿಯುವ ವಿದ್ಯುತ್ತು ಇಳಿಸಿದಾಗ ಬರುವುದಕ್ಕಿಂತ ಹೆಚ್ಚು. ಈ ಯೋಜನೆಯು ಗಣಕಯಂತ್ರಗಳಿಗಾಗಿಯೇ ಎಂದು ಹೇಳುವುದು ಅನ್ಯಾಯವಾದೀತು. ಅದು ಎಲ್ಲರ ಬೇಡಿಕೆಗಾಗಿ. ಆದರೆ ಎಲ್ಲರ ಬೇಡಿಕೆಯೆಂಬುದು ಹನಿಹನಿಯಾಗಿ ಕೂಡಿದುದು. ಒಂದು ಕಾಡನ್ನು ಕೇಳುವ ಮೊದಲು, ಆ ಬೇಡಿಕೆಯಲ್ಲಿ ಹಸಿವೆಷ್ಟು, ಚಪಲವೆಷ್ಟು ಎಂಬುದನ್ನು ಬೇರ್ಪಡಿಸಿ ತೋರಿಸಬೇಕಾದುದು ಕೇಳುವವರ ಧರ್ಮವು. ಅದೇ ಕಾಡನ್ನೂ ಅದೇ ಜಲಪಾತವನ್ನೂ ಬಣ್ಣದ ಚಿತ್ರದಲ್ಲಿ ತೋರಿಸಿ ಹಣ ಗಳಿಸುವ ಪ್ರವಾಸೋದ್ಯಮಕ್ಕೆ ಈ ಧರ್ಮವು ಇಮ್ಮಡಿಯಾಗಿ ಸಲ್ಲುವುದು.

ಮಾಡಬೇಕಾದುದು ಅಸಾಧ್ಯವಾದುದೇನೂ ಅಲ್ಲ. ಐನೂರು ಕಿಲೋವಾಟು ಮತ್ತು ಅದಕ್ಕೆ ಮೇಲ್ಪಟ್ಟ ಯಂತ್ರಾಗಾರಗಳು ತಮ್ಮ ವಿದ್ಯುತ್ತಿನ ಲೆಕ್ಕವನ್ನು ವರ್ಷವರ್ಷವೂ ಒಪ್ಪಿಸಬೇಕೆಂದು ಯೂರೋಪು ಒಕ್ಕೂಟವು ೨೦೨೩ರಲ್ಲಿ ನಿಯಮ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಭಾರತದಲ್ಲಿಯೂ ಪ್ರವಾಸದ ದೊಡ್ಡ ವ್ಯಾಪಾರಿಗಳು ಒಂದೊಂದು ಟಿಕೆಟಿಗೆ, ಒಂದೊಂದು ರಾತ್ರಿಯ ವಸತಿಗೆ ತಮ್ಮವೂ ಬಾಡಿಗೆಯವೂ ಆದ ಯಂತ್ರಗಳು ಎಷ್ಟು ವಿದ್ಯುತ್ತನ್ನು ಉಂಡುವೆಂದು ಪ್ರಕಟಿಸಲಿ. ಒಮ್ಮೆ ಕೊಟ್ಟ ಉತ್ತರವನ್ನು ಸ್ವಲ್ಪ ಹೊತ್ತು ಜೋಪಾನ ಮಾಡಿಟ್ಟು, ಮತ್ತೆ ಮತ್ತೆ ಯಂತ್ರವನ್ನು ಎಬ್ಬಿಸುವುದನ್ನು ನಿಲ್ಲಿಸಲಿ. ಮನುಷ್ಯನಲ್ಲದವನ ಪ್ರಶ್ನೆಗೆ ಬಾಗಿಲು ಮುಚ್ಚಲಿ, ಇಲ್ಲವೆ ಸುಂಕ ವಿಧಿಸಲಿ. ಅತಿಥಿಯು ಬಾಗಿಲನ್ನೆಳೆದು ಹೊರಟಾಗ ದೀಪದಂತೆ ಪೆಟ್ಟಿಗೆಗಳೂ ಆರಲಿ. ರೈಲ್ವೆಯ, ಬಸ್ಸಿನ ನಿಲ್ದಾಣಗಳಲ್ಲಿ ಮನುಷ್ಯನು ಕುಳಿತ ಕಿಂಡಿಯೊಂದು ಉಳಿದಿರಲಿ. ಕೈಫೋನಿಲ್ಲದವನಿಗೂ ಯಾತ್ರೆಯ ಹಕ್ಕುಂಟು. ಸರಕಾರದ ಪ್ರವಾಸೋದ್ಯಮ ಇಲಾಖೆಯು ತನ್ನ ಗುತ್ತಿಗೆಗಳಲ್ಲಿ ಈ ಲೆಕ್ಕವನ್ನು ಕೇಳಲು ತೊಡಗಿದರೆ ಉಳಿದವರು ತಾವಾಗಿಯೇ ಹಾದಿಗೆ ಬರುವರು.

ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕತ್ತಲಾಗುವುದಿಲ್ಲ. ಹಿತ್ತಲಿನ ಒಲೆಗೆ ಸೌದೆಯನ್ನು ಹೊತ್ತವರು, ಐರ್ಲೆಂಡಿನಲ್ಲಿಯಾಗಲಿ ಶರಾವತಿಯ ದಂಡೆಯಲ್ಲಿಯಾಗಲಿ, ಅದನ್ನು ಎಂದಿನಿಂದಲೂ ಕಂಡಿರುವರು. ಕಾಣಬೇಕಾದವರು ಉಂಡವರು. ಅವರು ಹಸಿರೆಂಬ ಮಾತನ್ನು ಇನ್ನೊಮ್ಮೆ ಆಡುವ ಮುನ್ನ ಲೆಕ್ಕದ ಪುಸ್ತಕವನ್ನು ತೆರೆದು ಜನರ ಮುಂದಿಡತಕ್ಕದ್ದು.